ಗಾಜಿನ ತೊಟ್ಟಿಯ ಮರಿ, ಹಳ್ಳದ ಮರಿ

(ಮಲೆನಾಡಿನ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ನಡೆದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ಮಲೆನಾಡಿನ ಒಂದೇ ಮನೆಯಲ್ಲಿ ಎರಡು ದೃಶ್ಯಗಳು ಕಾಣಸಿಗುವುದುಂಟು. ಜಗಲಿಯ ಮೇಲಿನ ಗಾಜಿನ ತೊಟ್ಟಿಯ ಮುಂದೆ ಮನೆಯ ಮಗಳು ಕುಳಿತಿರುತ್ತಾಳೆ. ಗಪ್ಪಿ ಮೀನು ಮರಿ ಹಾಕುತ್ತಿದೆ. ತಾಯಿಯೇ ಮರಿಗಳನ್ನು ನುಂಗಿಬಿಟ್ಟೀತೆಂಬ ಆತಂಕದಲ್ಲಿ ಅವಳಿಗೆ ಊಟವೂ ಸೇರದು. ಅದೇ ಹೊತ್ತಿಗೆ ಮನೆಯ ಗಂಡಸರು ಟಾರ್ಚು, ಕತ್ತಿ, ಬುಟ್ಟಿ ಹಿಡಿದು ಗದ್ದೆಯಂಚಿನ ಹಳ್ಳಕ್ಕೆ ಹೊರಟಿರುತ್ತಾರೆ. ಹೊಸನೀರಿಗೆ ಎದುರಾಗಿ ಮೊಟ್ಟೆಯಿಡಲು ಏರಿ ಬರುವ ಹತ್ತುಮೀನನ್ನು ಕಡಿದು ತರುವುದು ಅವರ ಉದ್ದೇಶ. ಒಳಗೆ ಒಂದೊಂದು ಮರಿಗೂ ಕಾವಲು. ಹೊರಗೆ ಬಸುರಿ ಮೀನಿಗೆ ಕತ್ತಿ.

ಈ ಎರಡು ದೃಶ್ಯಗಳ ನಡುವೆ ಇರುವ ಸಂಬಂಧವೇ ಈ ಹೊತ್ತಿನ ವಿಷಯ. ಗಪ್ಪಿ ಸಾಕುವುದು ಮಕ್ಕಳಾಟವೆಂದು ತಳ್ಳಿಹಾಕಬೇಕಾದ ಸಂಗತಿಯಲ್ಲ. ಎರಡಡಿ ಉದ್ದದ ತೊಟ್ಟಿಯೊಂದು ಜೀವಶಾಸ್ತ್ರದ ಪ್ರಯೋಗಶಾಲೆಯಾಗಬಲ್ಲದು. ಅದರಲ್ಲಿ ಮರಿಯನ್ನು ಉಳಿಸಲು ಕಲಿತವರು ಹಳ್ಳದ ಮರಿ ಏಕೆ ಉಳಿಯುತ್ತಿಲ್ಲವೆಂಬುದನ್ನೂ ಅರಿಯಬಲ್ಲರು. ಆದರೆ ಅದೇ ತೊಟ್ಟಿಯ ನೀರನ್ನು ಅಜಾಗರೂಕತೆಯಿಂದ ಹಳ್ಳಕ್ಕೆ ಚೆಲ್ಲಿದರೆ, ತಲೆಮಾರುಗಳವರೆಗೆ ಸರಿಪಡಿಸಲಾಗದ ಹಾನಿಯೂ ಆದೀತು. ಆದ್ದರಿಂದ ಮೊದಲು ಸಾಕುವ ವಿಧಾನವನ್ನೂ, ಅನಂತರ ಸಾಕುವವರ ಹೊಣೆಯನ್ನೂ ಕ್ರಮವಾಗಿ ನೋಡುವುದು ಉಚಿತ.

ಗಪ್ಪಿಯ ತವರು

ಗಪ್ಪಿ ಭಾರತದ ಮೀನಲ್ಲ. ದಕ್ಷಿಣ ಅಮೆರಿಕದ ಈಶಾನ್ಯ ಭಾಗದ ವೆನೆಜುವೆಲಾ, ಗಯಾನಾ, ಸುರಿನಾಮ್ ದೇಶಗಳು ಹಾಗೂ ಸಮೀಪದ ಟ್ರಿನಿಡಾಡ್ ದ್ವೀಪ ಅದರ ತವರು. 1859ರಲ್ಲಿ ಜರ್ಮನಿಯ ಪ್ರಾಣಿವಿಜ್ಞಾನಿ ವಿಲ್‌ಹೆಲ್ಮ್ ಪೀಟರ್ಸ್ ಇದನ್ನು ಮೊದಲು ವಿವರಿಸಿದರು. ಪೊಯೆಸಿಲಿಯಾ ರೆಟಿಕ್ಯುಲೇಟಾ ಎಂಬುದು ಇದರ ವೈಜ್ಞಾನಿಕ ನಾಮ. ಟ್ರಿನಿಡಾಡ್‌ನಲ್ಲಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬವರು ಕಳುಹಿಸಿದ ಮಾದರಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತಲುಪಿದವು. 1866ರಲ್ಲಿ ಆಲ್ಬರ್ಟ್ ಗುಂಥರ್ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಪೀಟರ್ಸ್ ಕೊಟ್ಟ ಹೆಸರು ಮೊದಲಿನದಾದ್ದರಿಂದ ಗುಂಥರ್ ಇಟ್ಟ ವೈಜ್ಞಾನಿಕ ನಾಮ ಬಿದ್ದುಹೋಯಿತು. ಆದರೆ ಜನರ ಬಾಯಲ್ಲಿ ‘ಗಪ್ಪಿ’ ಉಳಿಯಿತು. ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆಂಬ ಕಾರಣಕ್ಕೆ 20ನೇ ಶತಮಾನದ ಆರಂಭದಲ್ಲಿ ಇದನ್ನು ಭಾರತಕ್ಕೂ ತರಲಾಯಿತು.

ಟ್ರಿನಿಡಾಡ್‌ನ ಬೆಟ್ಟದ ಹಳ್ಳಗಳು ಮಲೆನಾಡಿನ ಹಳ್ಳಗಳಂತೆಯೇ ಅಲ್ಲಲ್ಲಿ ಜಲಪಾತವಾಗಿ ಧುಮುಕುತ್ತವೆ. ಅಬ್ಬಿಯ ಕೆಳಗೆ ಪೈಕ್ ಸಿಕ್ಲಿಡ್ ಎಂಬ ದೊಡ್ಡ ಬೇಟೆಗಾರ ಮೀನುಗಳಿವೆ. ಅವು ಅಬ್ಬಿಯನ್ನು ಏರಲಾರವು. ಮೇಲಿನ ನೀರಿನಲ್ಲಿ ರಿವ್ಯುಲಸ್ ಎಂಬ ಸಣ್ಣ ಮೀನು ಮಾತ್ರ. ಬೇಟೆಗಾರರ ನಡುವೆ ಬದುಕುವ ಗಪ್ಪಿಗಳು ಬೇಗ ಪ್ರಾಯಕ್ಕೆ ಬಂದು ಸಣ್ಣ ಸಣ್ಣ ಮರಿಗಳನ್ನು ಹೆಚ್ಚು ಸಂಖ್ಯೆಯಲ್ಲಿ ಹಾಕುತ್ತವೆ. ಮೇಲಿನ ನೀರಿನವು ತಡವಾಗಿ ಪ್ರಾಯಕ್ಕೆ ಬಂದು ದೊಡ್ಡ ಮರಿಗಳನ್ನು ಕಡಿಮೆ ಸಂಖ್ಯೆಯಲ್ಲಿ ಹಾಕುತ್ತವೆ. 1976ರಲ್ಲಿ ವಿಜ್ಞಾನಿ ಜಾನ್ ಎಂಡ್ಲರ್ ಕೆಳಗಿನ ಮೀನುಗಳನ್ನು ಗಪ್ಪಿಯೇ ಇಲ್ಲದಿದ್ದ ಮೇಲಿನ ಹಳ್ಳವೊಂದಕ್ಕೆ ಬಿಟ್ಟರು. 11 ವರ್ಷಗಳ ಅನಂತರ ಪರೀಕ್ಷಿಸಿದಾಗ ಅವುಗಳ ಸಂತತಿ ಮೇಲಿನ ನೀರಿನ ಮೀನುಗಳ ರೀತಿಗೆ ತಿರುಗಿತ್ತು. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ಇದನ್ನು ಪ್ರಕಟಿಸಿದಾಗ, ವಿಕಾಸವೆಂಬುದು ಮನುಷ್ಯನ ಕಣ್ಣೆದುರೇ ನಡೆಯಬಲ್ಲದೆಂದು ಜಗತ್ತು ಬೆರಗಾಯಿತು. ಯಾವ ನೀರಿಗೆ ಬಿಟ್ಟರೂ ಬೇಗನೆ ಹೊಂದಿಕೊಳ್ಳುವ ಈ ಗುಣವನ್ನು ನೆನಪಿನಲ್ಲಿಡಬೇಕು. ಮುಂದಿನ ಮಾತಿಗೆ ಇದು ಬೇಕಾಗುತ್ತದೆ.

ಹೆಣ್ಣು, ಗಂಡು ಮತ್ತು ಬಸಿರು

ಗಪ್ಪಿ ಮೊಟ್ಟೆಯಿಡುವುದಿಲ್ಲ, ಈಜಬಲ್ಲ ಮರಿಗಳನ್ನೇ ಹಾಕುತ್ತದೆ. ಗಂಡು ಚಿಕ್ಕದು, ಬಣ್ಣದ ಬಾಲದ್ದು. ಅದರ ಹೊಟ್ಟೆಯಡಿಯ ಹಿಂದಿನ ರೆಕ್ಕೆ ಕಡ್ಡಿಯಂತೆ ಸಪೂರವಾಗಿ ಮಾರ್ಪಟ್ಟಿರುತ್ತದೆ. ಹೆಣ್ಣು ದೊಡ್ಡದು, ಬೂದು ಬಣ್ಣದ್ದು. ಅದೇ ರೆಕ್ಕೆ ಬೀಸಣಿಗೆಯಂತೆ ಅಗಲವಾಗಿರುತ್ತದೆ. ಆ ರೆಕ್ಕೆಯ ಮೇಲೆ ಹೊಟ್ಟೆಯ ಕೊನೆಯಲ್ಲಿ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಬಸಿರು ಬಲಿತಂತೆ ಮಚ್ಚೆ ದೊಡ್ಡದಾಗಿ ಗಾಢವಾಗುತ್ತದೆ, ಹೊಟ್ಟೆ ಚೌಕನೆಯ ಆಕಾರ ತಾಳುತ್ತದೆ. ತಿಳಿಬಣ್ಣದ ತಳಿಗಳಲ್ಲಿ ಮಚ್ಚೆಯ ಮೂಲಕ ಮರಿಗಳ ಕಣ್ಣುಗಳೂ ಚುಕ್ಕಿಗಳಾಗಿ ಕಾಣುವುದುಂಟು. ಬಸಿರಿನ ಅವಧಿ ಸುಮಾರು 21ರಿಂದ 30 ದಿನ. ನೀರು ತಂಪಾದಷ್ಟೂ ಅವಧಿ ಹೆಚ್ಚು. ಎಳೆಯ ತಾಯಿ ಹತ್ತಿಪ್ಪತ್ತು ಮರಿ ಹಾಕಿದರೆ, ಬಲಿತ ತಾಯಿ ಒಂದೇ ಸೂಲಿನಲ್ಲಿ 50ಕ್ಕೂ ಮೀರಿ ಹಾಕಬಲ್ಲದು.

ಇನ್ನೊಂದು ವಿಶೇಷವುಂಟು. ಹೆಣ್ಣು ಒಮ್ಮೆ ಪಡೆದ ವೀರ್ಯವನ್ನು ತಿಂಗಳುಗಟ್ಟಲೆ ತನ್ನೊಳಗೆ ಕಾದಿರಿಸಿಕೊಳ್ಳುತ್ತದೆ. ಗಂಡು ಇಲ್ಲದಿದ್ದರೂ ಒಂದರ ಹಿಂದೊಂದು ಹಲವು ಸೂಲು ಮರಿ ಹಾಕುತ್ತದೆ. ಅಂಗಡಿಯಿಂದ ಹೆಣ್ಣನ್ನು ಮಾತ್ರ ತಂದರೂ ಮನೆಯಲ್ಲಿ ಮರಿಗಳಾಗುವುದು ಇದೇ ಕಾರಣಕ್ಕೆ.

ಆರಂಭಕ್ಕೆ ಎರಡು ಗಂಡು, ನಾಲ್ಕರಿಂದ ಆರು ಹೆಣ್ಣು ಸಾಕು. ಗಂಡುಗಳು ಹಗಲಿಡೀ ಹೆಣ್ಣಿನ ಬೆನ್ನು ಬೀಳುತ್ತವೆ. ಗಂಡು ಹೆಚ್ಚಾದರೆ ಹೆಣ್ಣು ಬಳಲುತ್ತದೆ, ಸೊರಗುತ್ತದೆ. ಒಂದು ಗಂಡಿಗೆ ಎರಡೋ ಮೂರೋ ಹೆಣ್ಣೆಂಬ ಲೆಕ್ಕ ಸರಿಯಾದುದು.

ಮಲೆನಾಡಿನ ನೀರಿನಲ್ಲಿ ತೊಟ್ಟಿ

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಇದು ಹೊಸಬರಿಗೆ ಯೋಗ್ಯ ಗಾತ್ರ. ಗಾಜಿನ ಹೂಜಿಗಳು ನೋಡಲು ಚಂದ. ಮೀನಿಗೆ ಅವು ಸೆರೆಮನೆ.

ಮೀನು ಉಸಿರಾಡಿದಂತೆ, ಹಿಕ್ಕೆ ಹಾಕಿದಂತೆ, ಉಳಿದ ಆಹಾರ ಕೊಳೆತಂತೆ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ವಿಷ, ಮೂರನೆಯದು ಗಿಡಗಳ ಗೊಬ್ಬರ. ಗದ್ದೆಯ ಮಣ್ಣಿನಲ್ಲಿ ನಡೆಯುವ ಕ್ರಿಯೆಯೇ ತೊಟ್ಟಿಯ ಮರಳಿನಲ್ಲೂ ಸ್ಪಂಜಿನಲ್ಲೂ ನಡೆಯುತ್ತದೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಇಪ್ಪತ್ತು ಮೀನು ಬಿಟ್ಟು ವಾರದೊಳಗೆ ಎಲ್ಲವೂ ಸತ್ತವೆಂದು ಕೊರಗುವವರು ಈ ಸತ್ಯವನ್ನು ಮರೆತವರು. ಮರಿ ಸಾಕುವ ತೊಟ್ಟಿಗೆ ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಅತ್ಯುತ್ತಮ. ಅದು ಮರಿಯನ್ನು ಎಳೆದುಕೊಳ್ಳುವುದಿಲ್ಲ. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗದಷ್ಟು ನೀರು ಬದಲಿಸಿದರೆ ಸಾಕು.

ಮಲೆನಾಡಿಗೆ ವಿಶೇಷವಾದ ನಾಲ್ಕು ಎಚ್ಚರಿಕೆಗಳಿವೆ.

ಮೊದಲನೆಯದು, ನೀರಿನ ಮೃದುತ್ವ. ಜಂಬಿಟ್ಟಿಗೆ ನೆಲದ ಬಾವಿಯ ನೀರು, ಬೆಟ್ಟದ ಒರತೆಯ ನೀರು ಸಾಮಾನ್ಯವಾಗಿ ಮೃದುವಾಗಿದ್ದು ತುಸು ಆಮ್ಲೀಯವಾಗಿರುತ್ತದೆ. ಗಪ್ಪಿಗೆ ಗಡಸು ನೀರು, 7ರಿಂದ 8ರ ಪಿಎಚ್ ಹಿತ. ಸಮುದ್ರದ ಕಪ್ಪೆಚಿಪ್ಪುಗಳನ್ನು ತೊಳೆದು ಕುದಿಸಿ ಒಂದು ಹಿಡಿಯಷ್ಟನ್ನು ತೊಟ್ಟಿಯ ತಳದಲ್ಲಿ ಹಾಕಿದರೆ ಸುಣ್ಣದ ಅಂಶ ನಿಧಾನವಾಗಿ ಕರಗುತ್ತದೆ. ಸುಟ್ಟ ಸುಣ್ಣವನ್ನು ಮಾತ್ರ ಎಂದಿಗೂ ಹಾಕಬಾರದು. ಅದು ಒಮ್ಮೆಗೇ ಪಿಎಚ್ ಏರಿಸಿ ಮೀನನ್ನು ಕೊಲ್ಲುತ್ತದೆ. ಪಂಚಾಯಿತಿ ನಲ್ಲಿಯ ನೀರಾದರೆ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಪಾತ್ರೆಯಲ್ಲಿ ಇಡಬೇಕು.

ಎರಡನೆಯದು, ಮಳೆಗಾಲದ ತಂಪು. ಗಪ್ಪಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಒಳ್ಳೆಯದು. ಆಷಾಢದ ಗಾಳಿ ಬೀಸುವ ಜಗಲಿಯಲ್ಲಿ ನೀರು ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಆಗ ಮೀನು ಮಂಕಾಗಿ ರೋಗಕ್ಕೆ ತುತ್ತಾಗುತ್ತದೆ. ಮಳೆಗಾಲ ಮುಗಿಯುವವರೆಗೆ ತೊಟ್ಟಿಯನ್ನು ಒಳಮನೆಗೆ ಸಾಗಿಸುವುದು ಲೇಸು.

ಮೂರನೆಯದು, ವಿದ್ಯುತ್ತು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿರುವುದು ಮಲೆನಾಡಿನಲ್ಲಿ ಹೊಸತಲ್ಲ. ಏರ್ ಪಂಪನ್ನೇ ನಂಬಿ ಮೀನು ತುಂಬಿದ ತೊಟ್ಟಿ ಆಗ ಉಸಿರುಗಟ್ಟುತ್ತದೆ. ಮೀನು ಕಡಿಮೆ, ಗಿಡ ಹೆಚ್ಚು ಇರುವ ತೊಟ್ಟಿ ಬದುಕುತ್ತದೆ. ಕರೆಂಟಿಲ್ಲದ ದಿನಗಳಲ್ಲಿ ಆಹಾರ ಹಾಕದಿರುವುದೇ ಕ್ಷೇಮ.

ನಾಲ್ಕನೆಯದು, ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ತಿಂಗಳುಗಳಲ್ಲಿ ತೋಟದ ನಡುವಿನ ಮನೆಯ ಮಾಡಿನ ಮೇಲೂ ದ್ರಾವಣ ಬೀಳುತ್ತದೆ. ತಾಮ್ರ ಮೀನಿಗೆ ತೀವ್ರ ವಿಷ. ಮೃದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು. ಆ ಕಾಲದ ಮಾಡಿನ ನೀರನ್ನು ತೊಟ್ಟಿಗೆ ತುಂಬಬಾರದು. ದ್ರಾವಣ ಕಲಸಿದ ಬಕೆಟ್ಟನ್ನು ಎಷ್ಟೇ ತೊಳೆದರೂ ಮೀನಿನ ಕೆಲಸಕ್ಕೆ ಬಳಸಬಾರದು. ತೋಟದ ಬಸಿಗಾಲುವೆಯಿಂದ ಹಳ್ಳಕ್ಕಿಳಿಯುವ ತಾಮ್ರ ಹಳ್ಳದ ಮೀನಿಗೂ ಅಷ್ಟೇ ವಿಷವೆಂಬುದನ್ನು ಕೃಷಿಕರು ಇಲ್ಲಿಯೇ ಗಮನಿಸಬಹುದು. ದ್ರಾವಣ ಕಲಸುವ, ಪಾತ್ರೆ ತೊಳೆಯುವ ಸ್ಥಳ ಹಳ್ಳದಿಂದ ದೂರವಿರಲಿ.

ಮರಿಯನ್ನು ಉಳಿಸುವ ಬಗೆ

ಹುಟ್ಟಿದ ಗಪ್ಪಿಮರಿ ಏಳೆಂಟು ಮಿಲಿಮೀಟರ್ ಉದ್ದವಿರುತ್ತದೆ. ತಾಯಿಯೂ ತಂದೆಯೂ ಅದನ್ನು ಕಂಡೊಡನೆ ತಿನ್ನಲು ಬರುತ್ತವೆ. ಇದು ಕ್ರೌರ್ಯವಲ್ಲ. ಬಾಯಿಗೆ ಹಿಡಿಸುವಷ್ಟು ಚಿಕ್ಕದಾಗಿ ಚಲಿಸುವುದೆಲ್ಲವೂ ಗಪ್ಪಿಗೆ ಆಹಾರವೇ. ಹರಿಯುವ ಹಳ್ಳದಲ್ಲಿ ಮರಿ ದಡದ ಹುಲ್ಲಿನೊಳಗೆ ನುಸುಳುತ್ತದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಅದಕ್ಕೆ ಓಡಲು ಎಡೆಯಿಲ್ಲ. ಆದ್ದರಿಂದ ಮರಿ ಉಳಿಸುವ ವಿದ್ಯೆಯೆಂದರೆ ಮರೆ ಒದಗಿಸುವ ವಿದ್ಯೆ. ಅದಕ್ಕೆ ಮೂರು ಮಾರ್ಗಗಳಿವೆ.

ಮೊದಲನೆಯದು, ಗಿಡಗಳ ಪೊದೆ. ಜಾವಾ ಮಾಸ್, ಹಾರ್ನ್‌ವರ್ಟ್, ಹೈಡ್ರಿಲ್ಲಾಗಳಂತಹ ಒತ್ತಾದ ಜಲಸಸ್ಯಗಳು ತೊಟ್ಟಿಯ ಮೂರನೆಯ ಒಂದು ಭಾಗವನ್ನಾದರೂ ತುಂಬಿರಬೇಕು. ಮರಿ ಹುಟ್ಟಿದೊಡನೆ ಮೇಲ್ಮೈಯತ್ತ ಬರುವುದರಿಂದ ಅರ್ಧದಷ್ಟು ಗಿಡ ತೇಲುವಂತಿರಲಿ. ಇಂತಹ ತೊಟ್ಟಿಯಲ್ಲಿ ಎಲ್ಲ ಮರಿಗಳೂ ಉಳಿಯವು, ಚುರುಕಾದವು ಉಳಿಯುತ್ತವೆ. ಕೆರೆಯಿಂದ ಗಿಡ ತಂದರೆ ಒಂದೆರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಪರೀಕ್ಷಿಸಬೇಕು. ಅದರೊಡನೆ ಬರುವ ಏರೋಪ್ಲೇನ್ ಚಿಟ್ಟೆಯ ಮರಿಹುಳು ಗಪ್ಪಿಮರಿಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತದೆ.

ಎರಡನೆಯದು, ಪ್ರತ್ಯೇಕ ಬಾಣಂತನದ ತೊಟ್ಟಿ. ಹತ್ತು ಹದಿನೈದು ಲೀಟರಿನ ಪಾತ್ರೆಯಲ್ಲಿ ಹಳೆಯ ತೊಟ್ಟಿಯ ನೀರನ್ನೇ ತುಂಬಿ, ಗಿಡ ಹಾಕಿ, ಹೆರಿಗೆಗೆ ನಾಲ್ಕೈದು ದಿನ ಮುಂಚೆಯೇ ಹೆಣ್ಣನ್ನು ಸಾಗಿಸಬೇಕು. ಹೆರಿಗೆಯ ಗಳಿಗೆಯಲ್ಲಿ ಬಲೆ ಹಾಕಿ ಹಿಡಿದರೆ ಬೆದರಿ ಅಕಾಲದಲ್ಲಿ ಮರಿ ಹಾಕುವುದುಂಟು. ಅಂತಹ ಮರಿಗಳು ಬದುಕುವುದು ಕಷ್ಟ. ಮರಿ ಹಾಕಿ ಮುಗಿದೊಡನೆ ತಾಯಿಯನ್ನು ಮರಳಿ ದೊಡ್ಡ ತೊಟ್ಟಿಗೆ ಬಿಡಬೇಕು.

ಮೂರನೆಯದು, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹೆರಿಗೆ ಪೆಟ್ಟಿಗೆ. ಸೀಳಿನ ತಳದಿಂದ ಮರಿ ಕೆಳಗಿಳಿದು ಪಾರಾಗುತ್ತದೆ. ಆದರೆ ಆ ಇಕ್ಕಟ್ಟಿನಲ್ಲಿ ತಾಯಿಯನ್ನು ಒಂದು ದಿನಕ್ಕಿಂತ ಹೆಚ್ಚು ಇಡುವುದು ಹಿಂಸೆ.

ಇನ್ನು ಮರಿಯ ಆಹಾರ. ಹೊಟ್ಟೆ ಚಿಕ್ಕದು, ಹಸಿವು ದೊಡ್ಡದು. ಆದ್ದರಿಂದ ದಿನಕ್ಕೆ ಮೂರರಿಂದ ಐದು ಬಾರಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ಒಣ ಆಹಾರವನ್ನು ಬೆರಳುಗಳ ನಡುವೆ ಹಿಟ್ಟಾಗಿ ಪುಡಿಮಾಡಬಹುದು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಒಂದೆರಡು ಹನಿ ಕೊಡಬಹುದು. ಹೆಚ್ಚಾದರೆ ನೀರು ಕೆಡುತ್ತದೆ. ಎಲ್ಲಕ್ಕಿಂತ ಉತ್ತಮವಾದುದು ಆಗತಾನೇ ಒಡೆದ ಆರ್ಟೀಮಿಯಾ ಮರಿಗಳು. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ, ಚಿಟಿಕೆಯಷ್ಟು ಆರ್ಟೀಮಿಯಾ ಮೊಟ್ಟೆ ಹಾಕಿ, ಬೆಚ್ಚಗಿನ ಬೆಳಕಿರುವ ಸ್ಥಳದಲ್ಲಿ ಗಾಳಿಗುಳ್ಳೆ ಹಾಯಿಸಿದರೆ 24ರಿಂದ 36 ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಮರಿಗಳು ಒಡೆಯುತ್ತವೆ. ಗಾಳಿ ನಿಲ್ಲಿಸಿದರೆ ಸಿಪ್ಪೆ ತೇಲುತ್ತದೆ, ಮರಿಗಳು ಕೆಳಗೆ ಬೆಳಕಿನತ್ತ ಸೇರುತ್ತವೆ. ಅವುಗಳನ್ನು ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ಜಾಲಿಸಿ ಕೊಡಬೇಕು. ಐದು ನಿಮಿಷದಲ್ಲಿ ಮುಗಿಯದ ಯಾವ ಆಹಾರವೂ ಹೆಚ್ಚಾದ ಆಹಾರವೇ.

ಮೂರು ನಾಲ್ಕು ವಾರ ಕಳೆದ ಮೇಲೆ ಮರಿಗಳನ್ನು ದಿನವೂ ಪರೀಕ್ಷಿಸಬೇಕು. ಹೊಟ್ಟೆಯಡಿಯ ರೆಕ್ಕೆ ಸಪೂರವಾಗತೊಡಗಿದ ಗಂಡುಗಳನ್ನು ಒಂದೆಡೆ, ಹೆಣ್ಣುಗಳನ್ನು ಇನ್ನೊಂದೆಡೆ ಬೇರ್ಪಡಿಸಬೇಕು. ಹಾಗೆ ಮಾಡದಿದ್ದರೆ ಒಡಹುಟ್ಟಿದವೇ ಕೂಡಿ ತಳಿ ಬಲಗುಂದುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಸಂಖ್ಯೆಯದು.

ಅರುನೂರರ ಲೆಕ್ಕ

ವಿದ್ಯಾರ್ಥಿಗಳು ಒಂದು ಸರಳ ಲೆಕ್ಕ ಹಾಕಿನೋಡಲಿ. ಒಂದು ತಾಯಿ ತಿಂಗಳಿಗೆ 30 ಮರಿಯಂತೆ ಆರು ತಿಂಗಳು ಹಾಕಿದರೆ 180. ಮರಿಗಳಲ್ಲಿ ಅರ್ಧ ಹೆಣ್ಣು. ಅವು ನಾಲ್ಕು ತಿಂಗಳ ಪ್ರಾಯದಿಂದ ತಿಂಗಳಿಗೆ ತಲಾ ಹತ್ತು ಮರಿ ಹಾಕತೊಡಗುತ್ತವೆಂದು ಇಟ್ಟುಕೊಂಡರೆ, ಮೊದಲ ಸೂಲಿನ 15 ಹೆಣ್ಣುಗಳಿಂದ ಐದನೆಯ ಮತ್ತು ಆರನೆಯ ತಿಂಗಳಲ್ಲಿ 300, ಎರಡನೆಯ ಸೂಲಿನ 15 ಹೆಣ್ಣುಗಳಿಂದ ಆರನೆಯ ತಿಂಗಳಲ್ಲಿ 150. ಒಟ್ಟು 630. ಒಂದು ಮರಿಯನ್ನೂ ಸಾಯಗೊಡದೆ ಕಾಪಾಡಿದವರ ಮನೆಯಲ್ಲಿ ಒಂದೇ ತಾಯಿಯಿಂದ ಅರ್ಧ ವರ್ಷದೊಳಗೆ ಇಷ್ಟು ಮೀನು. 50 ಲೀಟರಿನ ತೊಟ್ಟಿ ನೆಮ್ಮದಿಯಾಗಿ ಸಾಕಬಲ್ಲದು ಮೂವತ್ತು ನಲವತ್ತನ್ನು ಮಾತ್ರ.

ಕಥೆಯ ಗಂಭೀರ ಭಾಗ ಇಲ್ಲಿಂದಲೇ ಆರಂಭ. ಮಳೆಗಾಲದಲ್ಲಿ ಊಟ ಬಿಟ್ಟು ಮರಿ ಕಾಯ್ದ ಆ ಹುಡುಗಿ ದೀಪಾವಳಿಯ ಹೊತ್ತಿಗೆ ತುಂಬಿ ತುಳುಕುವ ತೊಟ್ಟಿಯನ್ನು ನೋಡಿ ಕಂಗಾಲಾಗುತ್ತಾಳೆ. ಕೊಲ್ಲಲು ಮನಸ್ಸು ಬಾರದು. ಮನೆಯವರು ಕನಿಕರದಿಂದಲೇ ಹೇಳುತ್ತಾರೆ: “ಹಳ್ಳಕ್ಕೆ ಬಿಟ್ಟು ಬಾರೇ ಮಗಾ, ಅಲ್ಲಾದರೂ ಬದುಕಿಕೊಳ್ಳಲಿ.” ಪುಣ್ಯದ ಕೆಲಸವೆಂದೇ ಎಲ್ಲರೂ ಭಾವಿಸುತ್ತಾರೆ. ಆ ಒಂದು ಕೊಡ ನೀರು ಹಳ್ಳಕ್ಕೆ ಮಾಡುವ ಕೇಡು ಯಾರ ಕಣ್ಣಿಗೂ ಅಂದು ಕಾಣುವುದಿಲ್ಲ.

ಹಳ್ಳಕ್ಕೆ ಏಕೆ ಬಿಡಬಾರದು

2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಪ್ರತಿ ಕೃತಕ ಕೊಳಕ್ಕೂ ಒಂದೇ ಒಂದು ಬಸುರಿ ಗಪ್ಪಿಯನ್ನು ಬಿಟ್ಟು ನೋಡಿದರು. 100ರಲ್ಲಿ 86 ಪ್ರಸಂಗಗಳಲ್ಲಿ ಆ ಒಂಟಿ ತಾಯಿಯ ಸಂತತಿ ಪ್ರಯೋಗದ ಎರಡು ವರ್ಷಗಳುದ್ದಕ್ಕೂ ಉಳಿದುಬಂತು. ಒಂದು ಕೊಡ ಬೇಕಿಲ್ಲ. ಒಂದು ಮೀನು ಸಾಕು. ಹವಾಯಿ ದ್ವೀಪಗಳಲ್ಲಿ ಸೊಳ್ಳೆಗಾಗಿ ಬಿಟ್ಟ ಗಪ್ಪಿ ಮತ್ತು ಅದರ ಬಂಧುಗಳು, ಅಲ್ಲಿ ಮಾತ್ರ ಕಂಡುಬರುವ ಡ್ಯಾಮ್ಸೆಲ್‌ಫ್ಲೈ ಕೀಟಗಳ ಅವನತಿಗೆ ಕಾರಣವಾದವೆಂದು ಅಧ್ಯಯನಗಳು ತಿಳಿಸಿವೆ. ಸ್ವತಃ ಟ್ರಿನಿಡಾಡ್‌ನಲ್ಲಿಯೇ ಗಪ್ಪಿ ಹೊಸದಾಗಿ ಸೇರಿದ ಮೇಲಿನ ಹಳ್ಳಗಳಲ್ಲಿ ಅದು ರಿವ್ಯುಲಸ್ ಮರಿಗಳನ್ನು ತಿನ್ನುವುದು ದಾಖಲಾಗಿದೆ. ತನ್ನ ಮರಿಯನ್ನೇ ಬಿಡದ ಮೀನು ಅನ್ಯರ ಮರಿಯನ್ನು ಬಿಡುವುದುಂಟೇ?

ಪಶ್ಚಿಮಘಟ್ಟದ ಹಳ್ಳಗಳ ಸಂಪತ್ತು ಇನ್ನೂ ಪೂರ್ತಿ ಎಣಿಕೆಗೆ ಸಿಕ್ಕಿಲ್ಲ. ಬೀಟಾಡೆವಾರಿಯೋ ರಾಮಚಂದ್ರನಿ ಎಂಬ ಪುಟ್ಟ ಮೀನನ್ನು ವಿಜ್ಞಾನ ಗುರುತಿಸಿದ್ದು 2010ರಲ್ಲಿ. ಅದು ದೊರೆತದ್ದು ಆಗುಂಬೆ ಸೀಮೆಯ ಸೀತಾನದಿಯ ಮೇಲ್ದಂಡೆಯ ತೊರೆಯಲ್ಲಿ. ಕೊಡಗು–ವಯನಾಡು ಭಾಗದ ಹಳ್ಳದ ಡಾರಿಯೋ ಯುರಾಪ್ಸ್ ಎಂಬ ಬೆರಳುಗುರಷ್ಟಿನ ಮೀನಿಗೆ ಹೆಸರು ಬಂದದ್ದು 2012ರಲ್ಲಿ. ಹೆಸರಿಡುವ ಮುನ್ನವೇ ಒಂದು ಜೀವಿಯನ್ನು ಕಳೆದುಕೊಳ್ಳುವಂತಹ ಅವಿವೇಕ ಇನ್ನೊಂದಿಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಸೊಳ್ಳೆ ನಿವಾರಣೆಗೆಂದು ಆರೋಗ್ಯ ಇಲಾಖೆಯೇ ಗಪ್ಪಿ ಹಂಚಿದೆಯಲ್ಲ? ನಿಜ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಹರಡುವ ಸೊಳ್ಳೆಯನ್ನು ಹತ್ತಿಕ್ಕಿದ ವರದಿ ವಿಜ್ಞಾನ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾಗಿದೆ. ಬಯಲುಸೀಮೆಯ ಕಟ್ಟಿದ ಬಾವಿ ಹಳ್ಳಕ್ಕೆ ಸೇರದು. ಅಲ್ಲಿ ಆ ಕ್ರಮಕ್ಕೆ ಅರ್ಥವಿದೆ. ಮಲೆನಾಡಿನ ಕೆರೆ, ಹೊಂಡ, ಗದ್ದೆಗಳು ಮಳೆಗಾಲದಲ್ಲಿ ಒಂದಕ್ಕೊಂದು ಕೋಡಿ ಹರಿದು ಹಳ್ಳ ಸೇರುತ್ತವೆ, ಹಳ್ಳ ನದಿ ಸೇರುತ್ತದೆ. ಮೇಲಾಗಿ ಡೆಂಗೆ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಹಳ್ಳದಲ್ಲಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಕೋಕೋ ಸಿಪ್ಪೆ, ರಬ್ಬರ್ ಹಾಲಿನ ಬಟ್ಟಲು, ಹಳೆಯ ಟಯರು, ಮುಚ್ಚದ ಡ್ರಮ್ಮುಗಳಲ್ಲಿ. ಅಲ್ಲಿಗೆ ಮೀನು ಬಿಡಲಾಗದು. ನೀರು ಚೆಲ್ಲಬೇಕು, ಮುಚ್ಚಳ ಹಾಕಬೇಕು. ಹಳ್ಳದಂಚಿನ ಸೊಳ್ಳೆಯನ್ನು ತಿನ್ನಲು ಪಶ್ಚಿಮಘಟ್ಟದ್ದೇ ಆದ ಪಂಚಾಕ್ಸ್ ಮೀನಿದೆ. ಚಪ್ಪಟೆ ತಲೆಯ ಮೇಲೆ ಹೊಳೆಯುವ ಚುಕ್ಕೆಯಿರುವ, ನೀರಿನ ಮೇಲ್ಮೈಯಲ್ಲೇ ಸುಳಿದಾಡುವ ಆ ಮೀನನ್ನು ಉಳಿಸಿಕೊಂಡರೆ ಪರದೇಶದ ಮೀನಿನ ಅಗತ್ಯವೇ ಬೀಳದು.

ಸಾಕುವವರ ಹೊಣೆ

ಹಾಗಾದರೆ ಹೆಚ್ಚಾದ ಮರಿಗಳನ್ನೇನು ಮಾಡುವುದು? ಹೆಚ್ಚಾಗದಂತೆ ನೋಡಿಕೊಳ್ಳುವುದೇ ಮೊದಲ ಉತ್ತರ. ಅಂದಕ್ಕಾಗಿ ಸಾಕುವವರು ಗಂಡುಗಳನ್ನು ಮಾತ್ರ ಸಾಕಬಹುದು. ಮರಿ ಬೇಕೆನಿಸಿದಾಗ ಒಂದೆರಡು ಸೂಲನ್ನು ಮಾತ್ರ ಬಾಣಂತನದ ತೊಟ್ಟಿಯಲ್ಲಿ ಉಳಿಸಿ, ಉಳಿದ ಸೂಲುಗಳನ್ನು ದೊಡ್ಡ ತೊಟ್ಟಿಯಲ್ಲಿ ನಿಸರ್ಗದ ಪಾಲಿಗೆ ಬಿಡಬಹುದು. ತಾಯಿ ಮರಿಯನ್ನು ತಿನ್ನುವುದು ಸಂಖ್ಯೆಯನ್ನು ಹಿಡಿತದಲ್ಲಿಡುವ ಸಹಜ ಕ್ರಮವೂ ಹೌದು. ಹೆಚ್ಚಾದವನ್ನು ಮೀನು ಸಾಕುವ ಗೆಳೆಯರಿಗೆ, ಶಾಲೆಗೆ, ಅಂಗಡಿಗೆ ಕೊಡಬಹುದು. ಕೊಡುವಾಗ ಹಳ್ಳಕ್ಕೆ ಬಿಡಬೇಡಿರೆಂಬ ಮಾತನ್ನೂ ಜೊತೆಗೇ ಕೊಡಬೇಕು.

ತೊಟ್ಟಿಯ ನೀರನ್ನು ಬದಲಿಸುವಾಗ ಬಟ್ಟೆಯಲ್ಲಿ ಸೋಸಿ ಅಡಿಕೆಯ ಬುಡಕ್ಕೋ ಹೂಗಿಡದ ಬುಡಕ್ಕೋ ಹಾಕಬೇಕು. ಗಿಡಕ್ಕೆ ಅದು ಒಳ್ಳೆಯ ಗೊಬ್ಬರ. ಬಸಿಗಾಲುವೆಗೆ ಚೆಲ್ಲಬಾರದು. ಕತ್ತರಿಸಿದ ಜಲಸಸ್ಯಗಳನ್ನು ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಸೇರಿಸಬೇಕು. ಚಂದದ ಹೂವೆಂದು ತಂದ ಜಲಕುಂಭಿ ನಾಡಿನ ಕೆರೆಗಳನ್ನು ನುಂಗಿದ್ದು ಎಲ್ಲರೂ ಕಂಡ ಸಂಗತಿ. ದೇಶೀ ಮೀನನ್ನೂ ಒಂದು ನದಿಯ ಕಣಿವೆಯಿಂದ ಇನ್ನೊಂದಕ್ಕೆ ಸಾಗಿಸಬಾರದು. ತುಂಗೆಯ ಮೀನು ತುಂಗೆಯಲ್ಲಿ, ಸೀತೆಯ ಮೀನು ಸೀತೆಯಲ್ಲಿ.

ಕೊನೆಯದಾಗಿ, ಆರಂಭದ ದೃಶ್ಯಕ್ಕೇ ಮರಳುವುದಾದರೆ, ಜಗಲಿಯ ಹುಡುಗಿ ಕಲಿತದ್ದು ಮೂರು ಪಾಠ. ಮರಿಗೆ ಮರೆ ಬೇಕು, ಶುದ್ಧ ನೀರು ಬೇಕು, ಬಸಿರಿನ ಕಾಲದಲ್ಲಿ ತಾಯಿಗೆ ನೆಮ್ಮದಿ ಬೇಕು. ಹಳ್ಳದ ಮರಿ ಕೇಳುವುದೂ ಈ ಮೂರನ್ನೇ. ದಡದ ಕೇದಗೆ, ಹುಲ್ಲು, ನೀರಿಗಿಳಿದ ಮರದ ಬೇರು, ತಳದ ತರಗೆಲೆ ಇವೇ ಅದರ ಜಾವಾ ಮಾಸ್. ದಡ ಬೋಳಿಸಿ ಮರಳು ಬಗೆದರೆ ಮರೆ ಹೋಯಿತು. ಮೈಲುತುತ್ತ, ಕಳೆನಾಶಕ, ಮೀನು ಹಿಡಿಯಲು ಹಾಕುವ ಬ್ಲೀಚಿಂಗ್ ಪುಡಿ ಸೇರಿದರೆ ನೀರು ಹೋಯಿತು. ಮೊಟ್ಟೆಯಿಡಲು ಏರುವ ಹತ್ತುಮೀನನ್ನು ಕಡಿದರೆ ತಾಯಿಯೂ ಹೋಯಿತು, ಸಾವಿರಾರು ಮೊಟ್ಟೆಗಳೂ ಹೋದವು. ಗಪ್ಪಿ ಮಳೆಗಾಲ, ಬೇಸಿಗೆ ಎನ್ನದೆ ಮತ್ತೆ ಮತ್ತೆ ಮರಿ ಹಾಕುತ್ತದೆ. ಹತ್ತುಮೀನಿಗೆ ಇರುವುದು ಮುಂಗಾರಿನ ಆ ಕೆಲವು ರಾತ್ರಿಗಳು ಮಾತ್ರ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಜನ ಮೀನು ಹಿಡಿಯದೆ ಕಾಪಾಡಿಕೊಂಡು ಬಂದ ಮತ್ಸ್ಯಧಾಮಗಳಿವೆ. ಅಲ್ಲಿ ನಿಂತು ನೋಡಿದವರಿಗೆ ಕಾವಲಿದ್ದರೆ ಹೊಳೆ ಏನು ಕೊಡಬಲ್ಲದೆಂಬುದು ತಿಳಿದೀತು. ಪ್ರತಿ ಊರಿಗೂ ಅಂತಹ ಒಂದು ಗುಂಡಿ, ಮೊದಲ ಮಳೆಯ ಒಂದು ವಾರ ಕತ್ತಿಯೆತ್ತದ ಒಂದು ಹಳ್ಳ ಸಾಧ್ಯವಿಲ್ಲವೇ? ಗ್ರಾಮಸಭೆ ಮನಸ್ಸು ಮಾಡಿದರೆ ಖರ್ಚಿಲ್ಲದೆ ಆಗುವ ಕೆಲಸವಿದು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ತಂತಮ್ಮ ಊರಿನ ಹಳ್ಳದ ನಿಂತ ನೀರಿನಂಚನ್ನು ಬೇಸಿಗೆಯಲ್ಲಿ ಅರ್ಧ ಗಂಟೆ ನೋಡಿರಿ. ಬೂದು ಮೈ, ಹೊಟ್ಟೆಯ ಕೊನೆಯಲ್ಲಿ ಕಪ್ಪು ಮಚ್ಚೆ, ಅದರ ಹಿಂದೆ ಬಣ್ಣದ ಬಾಲದ ಪುಟ್ಟ ಗಂಡು ಕಂಡರೆ ಅದು ಗಪ್ಪಿ. ದಿನಾಂಕ, ಸ್ಥಳ ಬರೆದಿಡಿರಿ. ತಲೆಯ ಮೇಲೆ ಹೊಳೆವ ಚುಕ್ಕೆ ಕಂಡರೆ ಅದು ಪಂಚಾಕ್ಸ್, ಅದನ್ನೂ ಬರೆದಿಡಿರಿ. ಹಾಗೆ ಬರೆದಿಟ್ಟ ಪುಸ್ತಕ ಹತ್ತು ವರ್ಷಗಳ ಅನಂತರ ಆ ಹಳ್ಳದ ಚರಿತ್ರೆಯಾಗುತ್ತದೆ.

ತೊಟ್ಟಿಯ ಮರಿಯನ್ನು ಕಾಯ್ದ ಕೈ ಹಳ್ಳದ ಮರಿಯನ್ನೂ ಕಾಯಲಿ.